ಚಿಕ್ಕದೇವರಾಜ ಒಡೆಯರ್

ಚಿಕ್ಕದೇವರಾಜ ಒಡೆಯರ್ (22 ಸೆಪ್ಟೆಂಬರ್ 1645 – 16 ನವೆಂಬರ್ 1704) ಮೈಸೂರು ಸಂಸ್ಥಾನದ 14ನೆಯ ಅರಸ. 1673ರಿಂದ 1704ರವರೆಗೆ ಶ್ರೀರಂಗಪಟ್ಟಣವನ್ನು ರಾಜಧಾನಿಯಾಗಿಸಿಕೊಂಡು ಆಳಿದನು. ಬೆಂಗಳೂರನ್ನು ಮೊಗಲರಿಂದ ಹಣ ಕೊಟ್ಟು ಪಡೆದವನು, ಹದಿನೆಂಟು ಚಾವಡಿಗಳ ಆಡಳಿತ ವ್ಯವಸ್ಥೆಯನ್ನು ರೂಪಿಸಿದವನು, ಕನ್ನಡ ಕವಿಗಳಿಗೆ ಆಶ್ರಯ ನೀಡಿದವನು ಎಂದು ಈತನನ್ನು ಶಾಲಾ ಪಠ್ಯಗಳು ಪರಿಚಯಿಸುತ್ತವೆ. ಈತನ ಕಾಲದಲ್ಲಿ ಕ್ರಮಬದ್ಧಗೊಂಡ ಬೆಣ್ಣೆ ಚಾವಡಿ ಎಂಬ ಗೋಸಂಗೋಪನಾ ಇಲಾಖೆಗೂ ಅದರ ಹುಲ್ಲುಗಾವಲುಗಳಿಗೂ ಪಠ್ಯಗಳಲ್ಲಿ ಸಾಮಾನ್ಯವಾಗಿ ಒಂದು ಸಾಲಿಗಿಂತ ಹೆಚ್ಚು ಸ್ಥಳ ದೊರೆಯುವುದಿಲ್ಲ. ಋತುವಿಗೆ ಒಂದರಂತೆ ಹುಲ್ಲುಗಾವಲನ್ನು ಬದಲಿಸಿ ದನಗಳನ್ನು ಮೇಯಿಸುವ ಆ ಪದ್ಧತಿ ರಾಜವಂಶಗಳು ಬದಲಾದರೂ ಉಳಿದು ಬಂದಿತು. ಇಂದಿನ ಅಮೃತಮಹಲ್ ತಳಿಗೆ ಮೂಲವೂ ಅದೇ ಆಗಿದೆ.

ಜನನ ಮತ್ತು ಬಾಲ್ಯ

ಚಿಕ್ಕದೇವರಾಜನು ದೊಡ್ಡದೇವರಾಜ ಮತ್ತು ಅಮೃತಾಂಬೆಯರ ಹಿರಿಯ ಮಗ. ತಂದೆಗೆ ಸಿಂಹಾಸನ ದೊರೆಯಲಿಲ್ಲ. ಚಿಕ್ಕಪ್ಪನಾದ ದೊಡ್ಡ ಕೆಂಪದೇವರಾಜನು 1659ರಲ್ಲಿ ಪಟ್ಟಕ್ಕೆ ಬಂದನು. ಆತನ ಆಳ್ವಿಕೆಯಲ್ಲಿ ತರುಣ ಚಿಕ್ಕದೇವರಾಜನು ರಾಜಧಾನಿಯಿಂದ ದೂರವಾಗಿ, ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ಇರಬೇಕಾಯಿತು. ಇದು ಸೆರೆವಾಸಕ್ಕೆ ಸಮಾನವಾಗಿತ್ತೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನು ಅಲ್ಲಿ ಆತನ ಸಂಗಡಿಗನಾಗಿದ್ದನು. ಮುಂದೆ ಅರಸನಾದರೆ ತನ್ನನ್ನು ಮಂತ್ರಿಯನ್ನಾಗಿ ಮಾಡಬೇಕೆಂದು ಪಂಡಿತನು ಮಾತು ಪಡೆದಿದ್ದನೆಂದು ಪ್ರತೀತಿ. ಬಾಲ್ಯದ ಮತ್ತೊಬ್ಬ ಒಡನಾಡಿ ತಿರುಮಲಾರ್ಯ. ಈತನು ಮುಂದೆ ಕವಿಯೂ ಮಂತ್ರಿಯೂ ಆದನು.

ಹಂಗಳವು ಇಂದಿನ ಬಂಡೀಪುರ ಅರಣ್ಯದ ಅಂಚಿನಲ್ಲಿದೆ. ಮಳೆ ಕಡಿಮೆಯಿರುವ, ಕುರುಚಲು ಕಾಡು ಮತ್ತು ಹುಲ್ಲುಬಯಲುಗಳ ಈ ಸೀಮೆಯಲ್ಲಿ ದನ ಸಾಕುವವರ ಬದುಕು ಹಿಂದಿನಿಂದಲೂ ಹುಲ್ಲು ಮತ್ತು ನೀರಿನ ಸರದಿಯನ್ನು ನೋಡಿಕೊಂಡೇ ನಡೆದಿದೆ. ಗುಂಡ್ಲುಪೇಟೆಯಲ್ಲಿ ತಂದೆಯ ಉತ್ತರಕ್ರಿಯೆಗಳು ನಡೆದ ಸ್ಥಳದಲ್ಲಿ ಚಿಕ್ಕದೇವರಾಜನು ಮುಂದೆ ಪರವಾಸುದೇವ ದೇವಾಲಯವನ್ನು ಕಟ್ಟಿಸಿದನು.

ಪಟ್ಟಾಭಿಷೇಕ ಮತ್ತು ಯುದ್ಧಗಳು

1673ರಲ್ಲಿ ಕೆಂಪದೇವರಾಜನ ಮರಣಾನಂತರ ಚಿಕ್ಕದೇವರಾಜನು ಶ್ರೀರಂಗಪಟ್ಟಣದಲ್ಲಿ ಪಟ್ಟಾಭಿಷಿಕ್ತನಾದನು. ವಿಶಾಲಾಕ್ಷ ಪಂಡಿತನು ಪ್ರಧಾನಿಯಾದನು. ಆ ಕಾಲದ ದಕ್ಷಿಣ ಭಾರತದಲ್ಲಿ ಮೈಸೂರು ಅನೇಕ ರಾಜ್ಯಗಳ ನಡುವಿನ ಒಂದು ರಾಜ್ಯ ಮಾತ್ರವಾಗಿತ್ತು. ದಕ್ಷಿಣಕ್ಕೆ ಮಧುರೆಯ ನಾಯಕರು, ಪಶ್ಚಿಮಕ್ಕೆ ಇಕ್ಕೇರಿಯ ಅರಸರು ಮತ್ತು ಕೊಡಗಿನ ಹಾಲೇರಿ ವಂಶ, ಉತ್ತರ ಮತ್ತು ಪೂರ್ವಗಳಲ್ಲಿ ಮರಾಠರು ಇದ್ದರು.

1682ರಲ್ಲಿ ದಳವಾಯಿ ಕುಮಾರಯ್ಯನು ತಿರುಚಿನಾಪಳ್ಳಿಯನ್ನು ಮುತ್ತಿದನು. ಸೈನ್ಯದ ಬಹುಭಾಗ ಅಲ್ಲಿದ್ದಾಗ ಮರಾಠರು ಶ್ರೀರಂಗಪಟ್ಟಣದ ಕಡೆಗೆ ನುಗ್ಗಿದರು. ಕುಮಾರಯ್ಯನ ಬಂಧುವಾದ ದೊಡ್ಡಯ್ಯನು ಒಂದು ತುಕಡಿಯೊಂದಿಗೆ ಹಿಂದಿರುಗಿ ಬಂದು, ಎರಡು ಮೂರು ಸಾವಿರ ಎತ್ತುಗಳ ಕೊಂಬಿಗೆ ಪಂಜು ಕಟ್ಟಿಸಿ ರಾತ್ರಿಯಲ್ಲಿ ಹೊರಡಿಸಿದನೆಂದೂ, ಆ ಬೆಳಕನ್ನೇ ಸೈನ್ಯವೆಂದು ನಂಬಿ ಮರಾಠರು ಅತ್ತ ತಿರುಗಿದಾಗ ಇನ್ನೊಂದು ಕಡೆಯಿಂದ ಮೇಲೆಬಿದ್ದು ಸೋಲಿಸಿದನೆಂದೂ ವಿಲ್ಕ್ಸ್ ದಾಖಲಿಸಿದ್ದಾನೆ. ಕ್ರಿಸ್ತಪೂರ್ವ 217ರಲ್ಲಿ ಕಾರ್ಥೇಜಿನ ಹ್ಯಾನಿಬಾಲನು ರೋಮನ್ನರ ಮೇಲೆ ಹೂಡಿದ ತಂತ್ರವೂ ಇದೇ ಬಗೆಯದು. ಎತ್ತುಗಳ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಅಷ್ಟು ಎತ್ತುಗಳನ್ನು ಒಂದೇ ರಾತ್ರಿಯಲ್ಲಿ ಒಟ್ಟುಗೂಡಿಸುವುದು ಸಾಧ್ಯವೆಂದು ಕೇಳುಗರು ನಂಬುವಂತಿದ್ದ ನಾಡು ಅದಾಗಿತ್ತೆಂಬುದನ್ನು ಈ ಕಥೆ ತಿಳಿಸುತ್ತದೆ. ತಿರುಚಿನಾಪಳ್ಳಿ ಮಾತ್ರ ಮೈಸೂರಿಗೆ ದಕ್ಕಲಿಲ್ಲ.

1687ರಲ್ಲಿ ಮರಾಠ ಅರಸ ಏಕೋಜಿಯು ಬೆಂಗಳೂರನ್ನು ಮಾರಲು ಮುಂದಾಗಿದ್ದನು. ಅಷ್ಟರಲ್ಲಿ ಮೊಗಲ ಸೇನಾನಿ ಕಾಸಿಂಖಾನನು ಅದನ್ನು ವಶಪಡಿಸಿಕೊಂಡು, ಮೂರು ಲಕ್ಷ ರೂಪಾಯಿಗಳಿಗೆ ಚಿಕ್ಕದೇವರಾಜನಿಗೆ ಒಪ್ಪಿಸಿದನು. 1690ರಿಂದ 1694ರವರೆಗೆ ಇಕ್ಕೇರಿಯೊಡನೆ ನಡೆದ ಯುದ್ಧಗಳಲ್ಲಿ ಕಡೂರು ಮೊದಲಾದ ಸೀಮೆಗಳು ಸೇರಿ, ರಾಜ್ಯವು ಪಶ್ಚಿಮದಲ್ಲಿ ಬಾಬಾಬುಡನ್ ಗಿರಿಯವರೆಗೆ ವಿಸ್ತರಿಸಿತು. ಬೆಂಗಳೂರಿನ ಖರೀದಿ ಎಲ್ಲರಿಗೂ ತಿಳಿದಿದೆ. ಆದರೆ ಕಡೂರು, ಬೀರೂರು, ಅಜ್ಜಂಪುರಗಳ ಸುತ್ತಲಿನ ಬಯಲುಸೀಮೆ ಮುಂದೆ ಅಮೃತಮಹಲ್ ದನಗಳ ಮುಖ್ಯ ನೆಲೆಗಳಲ್ಲಿ ಒಂದಾಯಿತೆಂಬುದನ್ನು ನೆನೆದರೆ ಈ ಪಶ್ಚಿಮದ ಗೆಲುವೂ ಗಮನಾರ್ಹವೇ.

ಕಂದಾಯ ಮತ್ತು ರೈತರ ದಂಗೆ

ಚಿಕ್ಕದೇವರಾಜನು ಖಜಾನೆಯನ್ನು ತುಂಬಿಸುವುದರಲ್ಲಿ ಅಸಾಧಾರಣ ಶ್ರದ್ಧೆ ತೋರಿದನು. ಆತನಿಗೆ ನವಕೋಟಿ ನಾರಾಯಣ ಎಂಬ ಬಿರುದು ಬಂದದ್ದೇ ಇದರಿಂದ. ಪ್ರತಿದಿನ ಎರಡು ಸಾವಿರ ವರಹಗಳನ್ನು ಖಜಾನೆಗೆ ಸೇರಿಸಿದ ಮೇಲೆಯೇ ಊಟಕ್ಕೆ ಏಳುತ್ತಿದ್ದನೆಂಬ ಐತಿಹ್ಯವಿದೆ. ಬೆಳೆಯ ಆರನೆಯ ಒಂದು ಭಾಗವೆಂಬ ಶಾಸ್ತ್ರೋಕ್ತ ಪಾಲನ್ನು ಮುಟ್ಟದೆ, ಅದರ ಮೇಲೆ ಚಿಲ್ಲರೆ ತೆರಿಗೆಗಳನ್ನು ಒಂದೊಂದಾಗಿ ಹೇರಿ ಆದಾಯವನ್ನು ಹೆಚ್ಚಿಸಿಕೊಂಡನು. ತೂಕ ಮತ್ತು ಅಳತೆಗಳನ್ನು ರಾಜ್ಯದಾದ್ಯಂತ ಏಕರೂಪಕ್ಕೆ ತರುವ ಯತ್ನವನ್ನೂ ಮಾಡಿದನು.

ರೈತರು ಇದನ್ನು ಸಹಿಸಲಿಲ್ಲ. ಉಳುಮೆಯನ್ನು ನಿಲ್ಲಿಸಿ, ನೇಗಿಲನ್ನು ತಲೆಕೆಳಗಾಗಿ ಊರಬಾಗಿಲಿನ ಮರಕ್ಕೆ ನೇತುಹಾಕಿದರು. ಎತ್ತುಗಳು ಕೊಟ್ಟಿಗೆಯಲ್ಲೇ ಉಳಿದವು. ದಂಗೆಯ ಹಿಂದೆ ಜಂಗಮರ ಪ್ರೇರಣೆಯಿದೆಯೆಂದು ಭಾವಿಸಿದ ಅರಸನು ನಂಜನಗೂಡಿನ ಬಳಿ ನಾನೂರಕ್ಕೂ ಹೆಚ್ಚು ಜಂಗಮರನ್ನು ಕರೆಸಿ ಕೊಲ್ಲಿಸಿದನೆಂದೂ, ಅನೇಕ ಮಠಗಳನ್ನು ಕೆಡವಿಸಿದನೆಂದೂ ವಿಲ್ಕ್ಸ್ ಹೇಳುತ್ತಾನೆ. ಈ ವೃತ್ತಾಂತವು ಘಟನೆ ನಡೆದು ಒಂದು ಶತಮಾನಕ್ಕೂ ಮೀರಿದ ಮೇಲೆ ಬರೆಯಲ್ಪಟ್ಟದ್ದರಿಂದ ಕೆಲವು ಇತಿಹಾಸಕಾರರು ಅದರ ವಿವರಗಳನ್ನು ಸಂಶಯಿಸಿದ್ದಾರೆ. ದಂಗೆ ಮತ್ತು ದಮನ ನಡೆದುದನ್ನು ಅಲ್ಲಗಳೆಯುವುದು ಕಷ್ಟ. 1686ರಲ್ಲಿ ವಿಶಾಲಾಕ್ಷ ಪಂಡಿತನು ಹತನಾದನು. ಆತನ ಸ್ಥಾನಕ್ಕೆ ತಿರುಮಲಾರ್ಯನು ಬಂದನು.

ಹದಿನೆಂಟು ಚಾವಡಿಗಳು

ಅರಸನು ಔರಂಗಜೇಬನ ಆಸ್ಥಾನಕ್ಕೆ 1699ರಲ್ಲಿ ಒಂದು ನಿಯೋಗವನ್ನು ಕಳುಹಿಸಿದನು. ಅದು ಮರುವರ್ಷ ಜಗದೇವರಾಜ ಎಂಬ ಬಿರುದಿನೊಡನೆ ಹಿಂದಿರುಗಿತು. ದಂತದ ಸಿಂಹಾಸನದಲ್ಲಿ ಕುಳಿತು ಆಳುವ ಮನ್ನಣೆಯೂ ಆಗಲೇ ದೊರೆಯಿತೆಂದು ಪರಂಪರೆ ಹೇಳುತ್ತದೆ. ಮೊಗಲ ಆಡಳಿತದ ಪರಿಚಯದಿಂದ ಪ್ರೇರಿತವಾಗಿ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಏರ್ಪಾಡೇ ಅಠಾರಾ ಕಚೇರಿ. ಸುಂಕದ ಚಾವಡಿ, ಕಂದಾಚಾರದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ, ಗೂಢಚಾರರ ಬೇಹಿನ ಚಾವಡಿ ಮೊದಲಾದವು ಇದರಲ್ಲಿದ್ದವು. ಈ ಸಾಲಿನಲ್ಲಿಯೇ ಬೆಣ್ಣೆ ಚಾವಡಿಯೂ ಒಂದು. ಅಂಚೆ ವ್ಯವಸ್ಥೆಯೂ ಈತನ ಕಾಲದಲ್ಲಿ ನೆಲೆಗೊಂಡಿತು; ಅಂಚೆಯವರು ಸುದ್ದಿ ಸಂಗ್ರಹಿಸಿ ಒಪ್ಪಿಸುವ ಕೆಲಸವನ್ನೂ ಮಾಡಬೇಕಾಗಿತ್ತು.

ಬೆಣ್ಣೆ ಚಾವಡಿ ಮತ್ತು ಕಾವಲುಗಳು

ದನಗಳ ಸಂಗ್ರಹ ಚಿಕ್ಕದೇವರಾಜನಿಂದ ಆರಂಭವಾದುದಲ್ಲ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಗಳು ಹಳ್ಳಿಕಾರ್ ತಳಿಯ ಹಸುಗಳನ್ನು ತರಿಸಿ ಸಾಕಿದ್ದರು. ಅವು ಒಡೆಯರ ವಶಕ್ಕೆ ಬಂದವು. ಚಾಮರಾಜ ಒಡೆಯರ್ ಮತ್ತು ಕಂಠೀರವ ನರಸರಾಜ ಒಡೆಯರ್ ಇಬ್ಬರೂ ತಮ್ಮ ಹಿಂಡುಗಳನ್ನು ಹೊಂದಿದ್ದು, ಅವುಗಳ ಮೇವಿಗಾಗಿ ನೆಲವನ್ನು ಮೀಸಲಿಟ್ಟಿದ್ದರು. ಚಿಕ್ಕದೇವರಾಜನು ಹಿಂಡುಗಳನ್ನು ಹೆಚ್ಚಿಸಿ, ಹುಲ್ಲುಗಾವಲುಗಳನ್ನೂ ದನಗಳನ್ನೂ ಒಂದು ಇಲಾಖೆಯ ಅಧೀನಕ್ಕೆ ತಂದು ಬೆಣ್ಣೆ ಚಾವಡಿ ಎಂಬ ಹೆಸರು ಕೊಟ್ಟನು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಮತ್ತು ಒಳ್ಳೆಯ ತಳಿಯನ್ನು ಉಳಿಸಿಕೊಳ್ಳುವುದು ಇದರ ಉದ್ದೇಶವಾಗಿತ್ತು. ಇವು ಮಾಂಸಕ್ಕಾಗಿ ಸಾಕಿದ ದನಗಳಲ್ಲ. ಗಂಡುಕರುಗಳು ಮುಂದೆ ನೇಗಿಲಿಗೆ, ಗಾಡಿಗೆ ಮತ್ತು ಸೈನ್ಯದ ಸಾಗಾಟಕ್ಕೆ ಎತ್ತುಗಳಾಗಬೇಕಿತ್ತು.

ಮೀಸಲಾದ ಹುಲ್ಲುಗಾವಲಿಗೆ ಕಾವಲು ಎಂದು ಹೆಸರು. ಕಾಯುವುದು ಎಂಬ ಅರ್ಥದಲ್ಲಿಯೇ ಆ ಹೆಸರು ಬಂದಿದೆ. ಇಂದಿಗೂ ಮೈಸೂರು ಸೀಮೆಯಲ್ಲಿ ಕಾವಲ್ ಎಂದು ಕೊನೆಗೊಳ್ಳುವ ಊರಹೆಸರುಗಳು ಹಲವು ಇವೆ. ಕಾವಲುಗಳಲ್ಲಿ ಮೂರು ಬಗೆ: ಮಳೆಗಾಲದವು, ಚಳಿಗಾಲದವು, ಬೇಸಗೆಯವು. ಮಳೆಗಾಲ ಮತ್ತು ಚಳಿಗಾಲದ ಕಾವಲುಗಳು ವಿಶಾಲವಾದ ಬಯಲುಗಳು. ಆಯಾ ಕಾಲದಲ್ಲಿ ಅವುಗಳಲ್ಲಿ ಹುಲ್ಲೂ ನೀರೂ ಸಮೃದ್ಧವಾಗಿದ್ದು, ಬಿಸಿಲೇರಿದೊಡನೆ ಒಣಗಿ ಬರಿದಾಗುತ್ತವೆ. ಬೇಸಗೆಯ ಕಾವಲುಗಳು ಸಾಮಾನ್ಯವಾಗಿ ಕೆರೆಯಂಗಳಗಳು, ಇಲ್ಲವೆ ನೆರಳಿನ ಮರಗಳೂ ನೀರೂ ಇರುವ ತಾಣಗಳು. ಕೆರೆಯ ನೀರು ಇಂಗುತ್ತಾ ಹೋದಂತೆ ಅದರ ಅಂಚಿನ ತೇವದ ಮಣ್ಣಿನಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ನಾಡಿನಲ್ಲೆಲ್ಲ ಕರಡವೂ ಮುಗಿದಿರುವ ಹೊತ್ತಿನಲ್ಲಿ ದನಗಳಿಗೆ ಇದೇ ಆಧಾರ. ಆದ್ದರಿಂದ ಬೇಸಗೆಯ ಕಾವಲುಗಳಿಗೆ ಹೆಚ್ಚಿನ ಬೆಲೆ. ಉಳಿದ ತಿಂಗಳುಗಳಲ್ಲಿ ಯಾವ ಹಿಂಡೂ ಒಳಗೆ ಬಾರದಂತೆ ಅವುಗಳನ್ನು ಕಟ್ಟುನಿಟ್ಟಾಗಿ ಕಾಯಲಾಗುತ್ತಿತ್ತು.

ಹಿಂಡುಗಳು ವರ್ಷವಿಡೀ ಒಂದು ಕಾವಲಿನಿಂದ ಮತ್ತೊಂದಕ್ಕೆ ನಡೆಯುತ್ತಿದ್ದವು. ಬಯಲಿನ ಹುಲ್ಲು ಮುಗಿಯುವ ಮೊದಲೇ ಮುಂದಿನದಕ್ಕೆ ಹೊರಡಬೇಕು. ತಡಮಾಡಿದರೆ ದನಗಳು ಚಿಗುರನ್ನು ಬುಡದವರೆಗೆ ಮೇಯುತ್ತವೆ. ಹುಲ್ಲಿನ ಮರುಬೆಳವಣಿಗೆಗೆ ಬೇಕಾದ ಆಹಾರ ಅದರ ಬುಡ ಮತ್ತು ಬೇರುಗಳಲ್ಲಿ ಸಂಗ್ರಹವಾಗಿರುತ್ತದೆ. ಮೇದ ಕೂಡಲೇ ಮತ್ತೆ ಮೇದರೆ ಆ ಸಂಗ್ರಹ ಕರಗಿ, ರುಚಿಕರವಾದ ಹುಲ್ಲುಗಳು ಅಳಿದು, ದನ ಮುಟ್ಟದ ಕಳೆಗಿಡಗಳು ಹಬ್ಬುತ್ತವೆ. ಬಿಡುವು ಕೊಟ್ಟರೆ ಹುಲ್ಲು ತೆನೆಬಿಟ್ಟು ಬೀಜ ಉದುರಿಸುತ್ತದೆ. ಫ್ರಾನ್ಸಿನ ವಿಜ್ಞಾನಿ ಮತ್ತು ಕೃಷಿಕ ಆಂದ್ರೆ ವಾಸೆಂ (1903–1964) ತನ್ನ ಹೊಲದಲ್ಲಿ ದನಗಳು ಮೇಯುವುದನ್ನು ಗಮನಿಸಿ, ಎಷ್ಟು ದನ ಮೇದವು ಎಂಬುದಕ್ಕಿಂತ ಹುಲ್ಲಿಗೆ ಎಷ್ಟು ದಿನ ಬಿಡುವು ದೊರೆಯಿತು ಎಂಬುದೇ ಮುಖ್ಯವೆಂದು ಇಪ್ಪತ್ತನೆಯ ಶತಮಾನದಲ್ಲಿ ಪ್ರತಿಪಾದಿಸಿದನು. ಸರದಿ ಮೇವಿನ ಆಧುನಿಕ ಶಾಸ್ತ್ರಕ್ಕೆ ಇದು ತಳಹದಿ. ಮೈಸೂರಿನ ಕಾವಲುಗಳನ್ನು ವಾಸೆಂನ ಬೇಲಿ ಹಾಕಿದ ಪುಟ್ಟ ಪಟ್ಟಿಗಳೊಡನೆ ಸಮೀಕರಿಸುವುದು ಸರಿಯಲ್ಲ. ಅಲ್ಲಿ ಸರದಿ ದಿನಗಳದು, ಇಲ್ಲಿ ಋತುಗಳದು. ಅಲ್ಲಿ ಬೇಲಿ, ಇಲ್ಲಿ ಕಾವಲುಗಾರ. ಬಿಡುವಿನ ಮಹತ್ವವನ್ನು ಮಾತ್ರ ಎರಡೂ ಪದ್ಧತಿಗಳು ಒಪ್ಪುತ್ತವೆ.

ಇಲ್ಲಿ ಒಂದು ವಿಷಯ ಯೋಚಿಸತಕ್ಕದ್ದಾಗಿದೆ. ಚಿಲ್ಲರೆ ಬಾಬುಗಳಿಗೂ ತೆರಿಗೆ ಹಾಕಿದ ಅರಸನು, ಉಳುಮೆಗೆ ಕೊಟ್ಟಿದ್ದರೆ ಕಂದಾಯ ತರಬಹುದಾಗಿದ್ದ ಕೆರೆಯಂಗಳಗಳನ್ನು ವರ್ಷದ ಬಹುಪಾಲು ಬರಿದಾಗಿಯೇ ಉಳಿಸಿದನು. ಇದನ್ನು ಅರಸನ ಉದಾರತೆ ಎನ್ನಲಾಗದು. ಕಾವಲು ಅರಮನೆಯ ದನಗಳಿಗೆ ಮೀಸಲಾಗಿತ್ತು, ಸುತ್ತಲ ರೈತರ ದನಗಳಿಗಲ್ಲ. ಆ ನೆಲ ಖಾಲಿಯಾಗಿ ಕಂಡರೂ ಪಾಳಲ್ಲ ಎಂಬ ತಿಳಿವಳಿಕೆ ಮಾತ್ರ ಆ ಆಡಳಿತಕ್ಕೆ ಇತ್ತು.

ಕೊಡಗಿನೊಡನೆ ಸಂಬಂಧ

ಚಿಕ್ಕದೇವರಾಜನ ಕಾಲದಲ್ಲಿ ಕೊಡಗನ್ನು ಮೊದಲು ಮುದ್ದುರಾಜನೂ 1687ರಿಂದ ದೊಡ್ಡವೀರಪ್ಪನೂ ಆಳಿದರು. ಮೈಸೂರಿನ ಸೈನ್ಯವು ಕೊಡಗಿನೊಳಕ್ಕೆ ನುಗ್ಗಿ ಪಾಲುಪರೆಯ ಬಯಲಿನಲ್ಲಿ ಬೀಡುಬಿಟ್ಟಾಗ ದೊಡ್ಡವೀರಪ್ಪನ ಪಡೆ ಅದನ್ನು ಸಂಪೂರ್ಣವಾಗಿ ಸೋಲಿಸಿತೆಂದು ಕೊಡಗಿನ ಚರಿತ್ರೆಗಳು ಹೇಳುತ್ತವೆ. ಏಳುಸಾವಿರ ಸೀಮೆಯ ಹುಟ್ಟುವಳಿಯಲ್ಲಿ ಮೈಸೂರಿಗೆ ಒಂದು ಪಾಲು ಸಲ್ಲುವ ಒಪ್ಪಂದವೂ ಆಯಿತು. ಕೊಡಗು ಮಾತ್ರ ಈತನ ಆಳ್ವಿಕೆಗೆ ಒಳಪಡಲಿಲ್ಲ.

ಹುಲ್ಲಿನ ವಿಚಾರದಲ್ಲಿಯೂ ಎರಡು ನಾಡುಗಳ ದಾರಿ ಬೇರೆಯಾಗಿತ್ತು. ಮೈಸೂರಿನಲ್ಲಿ ಕಾವಲು ಅರಸನದು. ಕೊಡಗಿನಲ್ಲಿ ಗದ್ದೆಯೊಂದಿಗೆ ಒಕ್ಕಲಿಗೆ ಸೇರಿದ ಬಾಣೆ ಇರುತ್ತಿತ್ತು. ದನ ಮೇಯಿಸಲು, ಸೊಪ್ಪು ಸೌದೆ ತರಲು ಅದನ್ನು ಕಂದಾಯವಿಲ್ಲದೆ ಅನುಭವಿಸುತ್ತಿದ್ದರು. ಮಾದಾಪುರ, ಸುಂಟಿಕೊಪ್ಪ, ಸೋಮವಾರಪೇಟೆಗಳ ಸುತ್ತ ಇಂದು ಅಂಥ ಮೇವಿನ ನೆಲ ಬಹುಮಟ್ಟಿಗೆ ಕಾಫಿ ತೋಟವಾಗಿದೆ.

ಸಾಹಿತ್ಯ ಮತ್ತು ಧರ್ಮ

ಚಿಕ್ಕದೇವರಾಜನ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯರು ಇದ್ದರು. ಸಿಂಗರಾರ್ಯನ ಮಿತ್ರವಿಂದಾ ಗೋವಿಂದವು ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ನಾಟಕವೆಂದು ಪರಿಗಣಿತವಾಗಿದೆ. ರಾಣಿ ದೇವಾಜಮ್ಮಣ್ಣಿಯ ಪರಿಚಾರಿಕೆಯಾಗಿದ್ದ ಸಂಚಿ ಹೊನ್ನಮ್ಮನು ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ರಚಿಸಿದಳು. ಚಿಕ್ಕದೇವರಾಜ ಬಿನ್ನಪ, ಗೀತಗೋಪಾಲ ಕೃತಿಗಳು ಅರಸನ ಹೆಸರಿನಲ್ಲಿವೆ; ಅವುಗಳಲ್ಲಿ ತಿರುಮಲಾರ್ಯನ ಕೈವಾಡ ಎಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಶ್ರೀವೈಷ್ಣವನಾದ ಅರಸನು ಶ್ರೀಮುಷ್ಣದಿಂದ ಶ್ವೇತವರಾಹಸ್ವಾಮಿಯ ಮೂರ್ತಿಯನ್ನು ತಂದು ಶ್ರೀರಂಗಪಟ್ಟಣದಲ್ಲಿ ಪ್ರತಿಷ್ಠಾಪಿಸಿದನು. ಮುಂದೆ ದಿವಾನ್ ಪೂರ್ಣಯ್ಯನು ಅದನ್ನು ಮೈಸೂರಿಗೆ ಸಾಗಿಸಿದನು. ಕಾವೇರಿಯಿಂದ ಹೊರಡುವ ಚಿಕ್ಕದೇವರಾಜಸಾಗರ ನಾಲೆ ಈತನ ಹೆಸರನ್ನು ಉಳಿಸಿದೆ.

ಮರಣ

1704ರ ನವೆಂಬರ್ 16ರಂದು ಅರಸನು ತೀರಿಕೊಂಡನು. ವಾಕ್ ಮತ್ತು ಶ್ರವಣಶಕ್ತಿಗಳಿಲ್ಲದಿದ್ದ ಮಗ ಎರಡನೆಯ ಕಂಠೀರವ ನರಸರಾಜನು ಮೂಕರಸು ಎಂಬ ಹೆಸರಿನಿಂದ ಪ್ರಸಿದ್ಧನಾಗಿ ಆಳಿದನು. ಅಧಿಕಾರ ಕ್ರಮೇಣ ದಳವಾಯಿಗಳ ಕೈಗೆ ಜಾರಿತು.

ಬೆಣ್ಣೆ ಚಾವಡಿಯ ಮುಂದಿನ ಕಥೆ

ದಳವಾಯಿಗಳ ನಂತರ ಅಧಿಕಾರಕ್ಕೆ ಬಂದ ಹೈದರಾಲಿಯು ಬೆಣ್ಣೆ ಚಾವಡಿಯನ್ನು ವಿಸ್ತರಿಸಿದನು. ಹಾಗಲವಾಡಿ ಮತ್ತು ಚಿತ್ರದುರ್ಗದ ಪಾಳೆಯಗಾರರ ದನಗಳೂ ಹಳ್ಳಿಕಾರ್ ಹಿಂಡುಗಳೊಡನೆ ಸೇರಿದವು. ಫಿರಂಗಿಗಳನ್ನು ಎಳೆಯಲು ಈ ಎತ್ತುಗಳು ಬಳಕೆಯಾದವು. ಇವುಗಳ ಬಲದಿಂದಲೇ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ತಲುಪಿದನೆಂದು ಮೈಸೂರಿನ ಗೆಜೆಟಿಯರ್ ಹೇಳುತ್ತದೆ. ಟಿಪ್ಪುಸುಲ್ತಾನನು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಹುಕುಂನಾಮೆಯೊಂದನ್ನು ಹೊರಡಿಸಿ, ಹಿಂಡುಗಳ ವಾರ್ಷಿಕ ತಪಾಸಣೆಯಲ್ಲಿ ತಾನೇ ಪಾಲ್ಗೊಂಡು ಬಹುಮಾನ ಹಂಚುತ್ತಿದ್ದನು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಹಿಂಡುಗಳು ಕ್ಷೀಣಿಸಿದವು. 1813ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಕ್ಯಾಪ್ಟನ್ ಹಾರ್ವೆಗೆ ಅವುಗಳ ಹೊಣೆ ವಹಿಸಿದಾಗ ಚೇತರಿಕೆ ಕಂಡಿತು. ಹುಣಸೂರು ಇಲಾಖೆಯ ಕೇಂದ್ರವಾಯಿತು. 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲ್ಯನ್ ಮಿತವ್ಯಯದ ಕಾರಣ ಹೇಳಿ ಹಿಂಡುಗಳನ್ನು ಮಾರಿಸಿದನು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಸೈನ್ಯಕ್ಕೆ ದುರ್ಲಭವಾಗಿ, 1866ರಲ್ಲಿ ಇಲಾಖೆಯನ್ನು ಪುನಃ ಸ್ಥಾಪಿಸಬೇಕಾಯಿತು. ಹಿಂಡನ್ನು ಮಾರಲು ಒಂದು ಆದೇಶ ಸಾಕಾಗಿತ್ತು. ಮತ್ತೆ ಕಟ್ಟಲು ಚದುರಿದ ದನಗಳನ್ನು ಹುಡುಕಿ ತರಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಮರಳಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರವು ಇಂದು ಅಮೃತಮಹಲ್ ದನಗಳನ್ನು ಸಾಕುತ್ತಿದೆ. ಕಡಿಮೆ ಹಾಲು ಕೊಡುವ, ಸ್ವಭಾವತಃ ಚುರುಕಾದ, ದೂರ ನಡೆಯಬಲ್ಲ ಈ ತಳಿಯ ಗುಣಗಳಿಗೆ ಕಾವಲಿನಿಂದ ಕಾವಲಿಗೆ ನಡೆದ ತಲೆಮಾರುಗಳ ಬದುಕೂ ಕಾರಣ.

ಕಾವಲುಗಳ ಒಟ್ಟು ವಿಸ್ತಾರ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿತ್ತು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅವು ಹರಡಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಎತ್ತಿನ ಬೇಡಿಕೆ ಇಳಿಯಿತು. ಸಾಗುವಳಿ, ಅರಣ್ಯ ನೆಡುತೋಪು, ಸರ್ಕಾರಿ ಹಂಚಿಕೆ ಮತ್ತು ಒತ್ತುವರಿಗಳಿಂದ ಕಾವಲುಗಳ ಬಹುಭಾಗ ಕರಗಿತು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಪರಮಾಣು ಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ನೀಡಿದಾಗ, ಅಲ್ಲಿ ಕುರಿ ದನಗಳನ್ನು ಮೇಯಿಸುತ್ತಿದ್ದ ಹಳ್ಳಿಗಳವರು ವಿರೋಧಿಸಿದರು. ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅರಸನ ದನಗಳಿಗೆ ಮಾತ್ರ ಮೀಸಲಾಗಿದ್ದ ಹುಲ್ಲು ಮೂರು ಶತಮಾನಗಳ ಅವಧಿಯಲ್ಲಿ ಆ ಹಳ್ಳಿಗಳ ಆಸರೆಯಾಗಿ ಮಾರ್ಪಟ್ಟಿತ್ತು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ.